ಎಡ ಕಿಡ್ನಿಯ ಮೇಲೊಂದು ದೀಪ

ಜೂನ್ 3, ಭಾನುವಾರ

ಮದುವೆಯ ಮರುದಿನವೇ ಕೊಂಡ ದಿನಚರಿ ಇದು. ಇಷ್ಟು ದಿನ ಖಾಲಿ ಬಿದ್ದಿತ್ತು. ಖುಷಿಯಾಗಿರುವವರಿಗೆ ಬರೆಯಲು ಪುರುಸೊತ್ತು ಎಲ್ಲಿರುತ್ತದೆ! ಇಂಗ್ಲಿಷಿನಲ್ಲಿ ಶುರು ಮಾಡಿ ನೋಡಿದೆ. ಎರಡೇ ಸಾಲಿಗೆ ನಾನು ದಿನವೂ ಆಸ್ಪತ್ರೆಯಲ್ಲಿ ಬರೆಯುವ ಸ್ಕ್ಯಾನ್ ರಿಪೋರ್ಟಿನ ಹಾಗೆ ಕಾಣಿಸಿತು, ಹರಿದು ಹಾಕಿದೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ ಆದರೂ ಜಿರಾಫೆಯನ್ನು ಇಂಗ್ಲಿಷಿನಲ್ಲಿ ಮುದ್ದು ಮಾಡಲು ನನಗೆ ಬರುವುದಿಲ್ಲ.

ಜಿರಾಫೆ ಅಂದರೆ ನನ್ನ ಗಂಡ. ಈ ಬಾಡಿಗೆ ಮನೆಯ ಅಡುಗೆಮನೆ ಬಾಗಿಲಿಗೆ ದಿನಕ್ಕೊಮ್ಮೆ ಹಣೆ ಹೊಡೆಸಿಕೊಳ್ಳುತ್ತಾನೆ, ದಿನಕ್ಕೊಮ್ಮೆ ಬಾಗಿಲಿಗೇ ಸಾರಿ ಹೇಳುತ್ತಾನೆ. ಇಂಥವನನ್ನು ಯಾರು ತಾನೇ ಪ್ರೀತಿಸದೆ ಇರುತ್ತಾರೆ?

ಇವತ್ತು ಅವನನ್ನು ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನೆಲಮಾಳಿಗೆಗೆ ಹೊಸ ಎಂಆರ್‌ಐ ಯಂತ್ರ ಬಂದಿದೆ. ರೋಗಿಗಳನ್ನು ಮಲಗಿಸುವ ಮೊದಲು ನಮ್ಮವರೇ ಒಬ್ಬೊಬ್ಬರಾಗಿ ಮಲಗಿ, ಚಿತ್ರ ಸರಿಯಾಗಿ ಬರುತ್ತದೋ ಇಲ್ಲವೋ ನೋಡಿ ಯಂತ್ರವನ್ನು ಹದ ಮಾಡುವುದು ನಮ್ಮ ಕಡೆಯ ರೂಢಿ. ಟೆಕ್ನಿಷಿಯನ್ ಅಣ್ಣ "ಇನ್ನೊಂದು ದೇಹ ಬೇಕಲ್ಲ ಡಾಕ್ಟ್ರೇ" ಅಂದಿದ್ದ. ನನ್ನ ಹತ್ತಿರ ಒಂದು ಆರಡಿ ಮೂರಂಗುಲದ ದೇಹ ಇದೆಯಲ್ಲ!

"ಒಳಗೆ ಏನೇನಿದೆ ಅಂತ ನೋಡಿ ಆಮೇಲೆ ವಾಪಸ್ ಕಳಿಸ್ತೀಯಾ?" ಎಂದು ಕೇಳಿದ ಜಿರಾಫೆ. ಬಿಸಿಲಲ್ಲಿ ನಡೆದು ಬಂದಿದ್ದರಿಂದ ಒಂದು ಬಾಟಲಿ ನೀರನ್ನು ಗಟಗಟ ಕುಡಿದು ಒಳಗೆ ಹೋದ. ಕಾಲು ಹಲಗೆಯಿಂದಾಚೆ ನೇತಾಡುತ್ತಿತ್ತು.

ನಾನು ಗಾಜಿನ ಈಚೆ ಕುಳಿತು ನನ್ನ ಗಂಡನನ್ನು ಹೋಳು ಹೋಳಾಗಿ ನೋಡಿದೆ. ಎಂಥ ಚೆಂದದ ಲಿವರ್! ಹದವಾಗಿ ಕಾಯಿಸಿದ ಹಾಲಿನ ಕೆನೆಯ ಹಾಗೆ ನಯ. ನನಗೆ ನಗು ತಡೆಯಲಾಗಲಿಲ್ಲ. ಜಗತ್ತಿನಲ್ಲಿ ಎಷ್ಟು ಹೆಂಡತಿಯರಿಗೆ ಈ ಭಾಗ್ಯ ಇದೆ?

ಎಡ ಕಿಡ್ನಿಯ ಮೇಲ್ಗಡೆ ಏನೋ ಒಂದು ಹೊಳೆಯುತ್ತಿತ್ತು. ನಾಳೆ ನಿಧಾನವಾಗಿ ನೋಡಬೇಕು.

ಜೂನ್ 4, ಸೋಮವಾರ

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಚಿತ್ರ ತೆರೆದೆ. 'ಪರೀಕ್ಷೆ ಏಳು' ಎಂದು ಹೆಸರು ಕೊಟ್ಟಿದ್ದಾರೆ.

ಮೂರು ಸೆಂಟಿಮೀಟರ್. ಗುಂಡಗೆ. ಕತ್ತಲೆ ಕೋಣೆಯಲ್ಲಿ ಬಲ್ಬ್ ಹಚ್ಚಿದಷ್ಟು ಬೆಳ್ಳಗೆ.

ಕಿಡ್ನಿಯ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿ ಇರುತ್ತದೆ. ಹೆದರಿದಾಗ ಎದೆ ಹೊಡೆದುಕೊಳ್ಳುವುದು, ಮೈ ಬೆವರುವುದು ಎಲ್ಲ ಅದರ ರಸದಿಂದಲೇ. ಅದರಲ್ಲಿ ಒಂದು ಜಾತಿಯ ಗಡ್ಡೆ ಬೆಳೆಯುತ್ತದೆ. ಹೆದರಿಕೆಯೇ ಇಲ್ಲದಿದ್ದರೂ ಆ ರಸವನ್ನು ಮನಬಂದಂತೆ ಸುರಿಯುತ್ತದೆ, ರಕ್ತದೊತ್ತಡ ಆಕಾಶಕ್ಕೇರುತ್ತದೆ. ಅರಿವಳಿಕೆ ಕೊಟ್ಟಾಗ, ಸೂಜಿ ಚುಚ್ಚಿದಾಗ ಜೀವಕ್ಕೇ ಅಪಾಯ. ಎಂಆರ್‌ಐಯಲ್ಲಿ ಅದು ಬಲ್ಬಿನ ಹಾಗೆ ಬೆಳಗುತ್ತದೆ ಎಂದು ಪರೀಕ್ಷೆಗೆ ಉರು ಹೊಡೆದಿದ್ದೆವು. ಬಂಗಾರದ ಪದಕ ಬಂದಿತ್ತು ನನಗೆ ಆ ಪೇಪರಿನಲ್ಲಿ.

ಹೆಣ್ಣು ನೋಡುವ ಶಾಸ್ತ್ರಕ್ಕೆ ನಮ್ಮನ್ನು ಮೊದಲ ಸಲ ಎದುರುಬದುರು ಕೂರಿಸಿದ ದಿನ ಜಿರಾಫೆಯ ಅಂಗೈ ಬೆವರಿ ಚಹಾದ ಕಪ್ಪು ಜಾರಿತ್ತು. "ನಿನ್ನ ನೋಡಿದ್ರೆ ಎದೆ ಡಬಡಬ ಅನ್ನುತ್ತೆ ಕಣೇ" ಎಂದು ನಿಶ್ಚಿತಾರ್ಥದ ನಂತರ ಫೋನಿನಲ್ಲಿ ಹೇಳಿದ್ದ. ಅದನ್ನು ಕೇಳಿ ನಾನು ಮೂರು ದಿನ ನೆಲದ ಮೇಲೆ ನಡೆದಿರಲಿಲ್ಲ.

ಎದೆ ಡಬಡಬ. ಬೆವರು. ಪುಸ್ತಕದಲ್ಲಿ ಇರುವ ಕ್ರಮದಲ್ಲೇ ಇವೆ.

ಮನೆಗೆ ಬಂದಾಗ ಅವನು ಮೊಟ್ಟೆ ಬೇಯಿಸಿಟ್ಟಿದ್ದ. "ಏನು, ನನ್ನ ಒಳಗೆ ಹೃದಯ ಸಿಕ್ತಾ?" ಎಂದು ಕೇಳಿದ. ಸಿಕ್ಕಿತು ಅಂದೆ.

ಜೂನ್ 6, ಬುಧವಾರ

ಇಲ್ಲಿ ನನಗೆ ಹೇಳಿಕೊಳ್ಳಲು ಯಾರೂ ಇಲ್ಲ ಎಂಬುದು ಇವತ್ತು ಗೊತ್ತಾಯಿತು. ಊರು ಹೊಸದು. ಎದುರು ಮನೆಯವರು ಬಾಗಿಲ ಹಿಂದಿನಿಂದಲೇ ನಗುತ್ತಾರೆ. ಅಮ್ಮನಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಹದಿನಾರು ಮನೆಗೆ ಸುದ್ದಿ. ನಮ್ಮ ವಿಭಾಗದ ಹಿರಿಯರು, ನಾವೆಲ್ಲ ಗೂಬೆ ಮೇಡಂ ಎನ್ನುವವರು, ಮಗಳ ಬಾಣಂತನಕ್ಕೆಂದು ರಜೆಯಲ್ಲಿದ್ದಾರೆ. ಆ ಹೆಸರು ಅವರಿಗೂ ಗೊತ್ತು. "ಕತ್ತಲಲ್ಲಿ ಕಾಣೋ ಪ್ರಾಣಿ ಅದೊಂದೇ, ಬಯ್ಗುಳ ಹೇಗಾಗುತ್ತೆ?" ಅಂತಾರೆ.

ಅತ್ತೆಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಮಾವ ಹೇಗೆ ಹೋದರು ಎಂದು ಕೇಳಿದೆ. ಇಷ್ಟು ದಿನ ಕೇಳುವ ಧೈರ್ಯ ಬಂದಿರಲಿಲ್ಲ.

"ಆಪರೇಷನ್ ಟೇಬಲ್ ಮೇಲೇ ಕಣಮ್ಮಾ. ಮಾತಾಡ್ತಾ ಒಳಗೆ ಹೋದ್ರು. ಹೊರಗೆ ಬರ್ಲಿಲ್ಲ." "ಯಾಕೆ ಮಗಳೇ, ಈಗ ಅದೆಲ್ಲ?" ಅಂದರು.

"ಸುಮ್ನೆ ಅತ್ತೆ" ಎಂದು ಇಟ್ಟುಬಿಟ್ಟೆ.

ಈ ಗಡ್ಡೆ ವಂಶದಲ್ಲಿ ಹರಿದುಬರುವುದುಂಟು.

ಆಸ್ಪತ್ರೆಯಿಂದ ಬಿಪಿ ಯಂತ್ರ ತಂದಿದ್ದೆ. ಅವನ ತೋಳಿಗೆ ಪಟ್ಟಿ ಸುತ್ತಿದೆ. ನೂರೈವತ್ತು ತೋರಿಸಿತು. ಇನ್ನೊಮ್ಮೆ ನೋಡಿದರೆ ಇನ್ನೂ ಎರಡು ಹೆಚ್ಚು.

"ನೀನು ಹಾಗೆ ಗುರಾಯಿಸ್ಕೊಂಡು ಕೂತ್ರೆ ಏರದೆ ಇನ್ನೇನಾಗುತ್ತೆ? ಪರೀಕ್ಷೆ ಹಾಲ್‌ನಲ್ಲಿ ಮೇಷ್ಟ್ರು ನಿಂತ ಹಾಗಿದೆ" ಎಂದು ನಕ್ಕ. ಸೀನಿದ. ಎರಡು ದಿನದಿಂದ ಅವನಿಗೆ ನೆಗಡಿ.

ಜೂನ್ 8, ಶುಕ್ರವಾರ

ಟೈ ಡಾಕ್ಟರಿಗೆ ತೋರಿಸಿದೆ. ಗೂಬೆ ಮೇಡಂ ಇಲ್ಲದಾಗ ಅವರೇ ನಮ್ಮ ದೊಡ್ಡವರು. ಸೆಖೆಗಾಲದಲ್ಲೂ ಟೈ ಬಿಗಿದುಕೊಂಡೇ ಇರುತ್ತಾರೆ. ಕೈಯಲ್ಲಿ ಚಹಾ ಹಿಡಿದು ನನ್ನ ಹಿಂದೆ ನಿಂತರು.

"ಯಾರದಮ್ಮಾ ಇದು?"

"ಗೊತ್ತಿರೋರದ್ದು ಸರ್. ಮೂವತ್ತೊಂದು ವಯಸ್ಸು. ಎದೆ ಹೊಡ್ಕೊಳ್ಳುತ್ತೆ, ಬೆವರ್ತಾರೆ, ಬಿಪಿ ಏರ್ತಿದೆ. ತಂದೆ ಆಪರೇಷನ್ ಟೇಬಲ್ ಮೇಲೆ ಹೋದ್ರಂತೆ."

"ಇಷ್ಟೆಲ್ಲ ಹೇಳಿದ್ಮೇಲೆ ನಾನು ನೋಡೋದಾದ್ರೂ ಯಾಕೆ?" ಎಂದು ಚಹಾ ಕುಡಿದರು. "ಇನ್ನೇನಿರುತ್ತೆ, ಅದೇ. ಪುಸ್ತಕಕ್ಕೆ ಹಾಕೋ ಹಾಗಿದೆ. ಒಂದು ದಿನದ ಮೂತ್ರ ಪರೀಕ್ಷೆ ಮಾಡ್ಸಿ, ಸರ್ಜನ್ ಹತ್ರ ಕಳ್ಸು. ಒಳ್ಳೆ ಕೇಸ್ ಹಿಡಿದೆ, ಭೇಷ್."

ಭೇಷ್ ಅನ್ನಿಸಿಕೊಂಡು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಬಂದು ಯಾರದೋ ಮಂಡಿ, ಯಾರದೋ ಬೆನ್ನು, ಯಾರದೋ ತಲೆ ಓದಿದೆ. ನಮ್ಮ ಕೋಣೆಗೆ ಕಿಟಕಿ ಇಲ್ಲ. ಹೊರಗೆ ಬಂದಾಗ ಮಳೆ ಬಂದು ನಿಂತಿತ್ತು. ಬಂದದ್ದೂ ಗೊತ್ತಿರಲಿಲ್ಲ, ನಿಂತದ್ದೂ ಗೊತ್ತಿರಲಿಲ್ಲ.

ಅವನಿಗೆ ಹೇಳಬೇಕು. ಮೂತ್ರ ಪರೀಕ್ಷೆಯ ಫಲ ಬರಲಿ, ಆಮೇಲೆ ಹೇಳುತ್ತೇನೆ. ಖಚಿತವಾಗದೆ ಯಾಕೆ ಹೆದರಿಸಬೇಕು?

ಜೂನ್ 10, ಭಾನುವಾರ

ಸಿನಿಮಾಕ್ಕೆ ಹೋಗೋಣ ಅಂದ. ತಲೆನೋವು ಅಂದೆ. ಅವನು ಸೋಫಾದಲ್ಲಿ ಮಲಗಿ ನಿದ್ದೆ ಹೋದ. ನಾನು ಪಕ್ಕದಲ್ಲಿ ಕುಳಿತು ಅವನ ಕತ್ತಿನ ನರ ಬಡಿಯುವುದನ್ನು ನೋಡುತ್ತಿದ್ದೆ. ನಿಮಿಷಕ್ಕೆ ಎಪ್ಪತ್ತೆಂಟು.

ಜೂನ್ 12, ಮಂಗಳವಾರ

ಸುಳ್ಳು ಹೇಳುವುದು ಇಷ್ಟು ಸುಲಭ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಕೆಲಸ ಮಾಡುವವರ ಗಂಡ-ಹೆಂಡಿರಿಗೆಲ್ಲ ಉಚಿತ ತಪಾಸಣೆ ಇದೆ ಅಂದೆ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆಯವರೆಗೆ ಎಲ್ಲವನ್ನೂ ಈ ಕ್ಯಾನಿಗೇ ಹಿಡಿಯಬೇಕು, ಒಂದು ಹನಿಯೂ ಬಿಡಬಾರದು ಎಂದು ಐದು ಲೀಟರ್ ಕ್ಯಾನ್ ಕೊಟ್ಟೆ.

ಕ್ಯಾನನ್ನು ಮೇಲೆ ಕೆಳಗೆ ನೋಡಿದ. "ಇದನ್ನ ತುಂಬ್ಸೋಕೆ ಪಕ್ಕದ ಮನೆಯವರ ಸಹಾಯನೂ ಬೇಕಾಗುತ್ತೆ ಕಣೇ."

ಅದನ್ನು ಷಟಲ್ ಬ್ಯಾಟಿನ ಚೀಲದಲ್ಲಿ ಹಾಕಿಕೊಂಡು ಆಫೀಸಿಗೆ ಹೋದ. ನಿನ್ನೆ ಸಂಜೆ ಬಂದು ಒಂದೇ ಸಮನೆ ನಕ್ಕ. "ಆರು ಸಲ ಚೀಲ ತಗೊಂಡು ಬಾತ್‌ರೂಮಿಗೆ ಹೋದೆ. ನಮ್ಮ ಬಾಸ್ ಕರೆದು ಬಾಗಿಲು ಹಾಕಿ, ಮದುವೆಯಾದ ಹೊಸತು, ಏನಾದ್ರೂ ತೊಂದ್ರೆ ಇದ್ರೆ ಹೇಳು, ಕುಡಿತಕ್ಕೆಲ್ಲ ಇಳೀಬೇಡ ಅಂದ್ರು!"

ಮೊದಲಾಗಿದ್ದರೆ ನಾನು ನೆಲದ ಮೇಲೆ ಉರುಳಾಡಿ ನಗುತ್ತಿದ್ದೆ. ನಿನ್ನೆಯೂ ನಕ್ಕೆ. ನಗು ಸರಿಯಾದ ಜಾಗದಲ್ಲಿ ಬರಲಿಲ್ಲವೇನೋ, ಅವನು ಮಾತು ಅರ್ಧಕ್ಕೆ ನಿಲ್ಲಿಸಿ ನನ್ನನ್ನು ನೋಡಿದ. "ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂದ.

"ಏನಿಲ್ಲಪ್ಪಾ. ಕೆಲಸ ಜಾಸ್ತಿ."

ನೆಗಡಿ ಇನ್ನೂ ಇದೆ. ಮೂಗು ಕಟ್ಟಿಕೊಂಡು ಮಾತಾಡುತ್ತಾನೆ.

ಜೂನ್ 15, ಶುಕ್ರವಾರ

ಫಲ ಬಂತು. ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು. ತುಂಬ ಅಲ್ಲ, ಸ್ವಲ್ಪ. ಆದರೆ ಹೆಚ್ಚು.

ಇವತ್ತು ಹೇಳಬೇಕೆಂದೇ ಮನೆಗೆ ಬಂದೆ. ಅವನು ಬಟ್ಟೆ ಒಣಹಾಕುತ್ತ ಏನೋ ಗುನುಗುತ್ತಿದ್ದ. ಒಂದು ದಿನ ತಡವಾದರೆ ಏನಾಗುತ್ತದೆ ಅನ್ನಿಸಿತು.

ಜೂನ್ 16, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕೆಲಸದ ನಡುವೆ ಅವನ ಮೆಸೇಜ್ ಬಂತು. "ಬುದ್ಧಿಹಲ್ಲು ತೆಗೆಸಿಬಿಡ್ತೀನಿ ಇವತ್ತು. ರಜೆ ಇದೆಯಲ್ಲ. ಬುದ್ಧಿ ಹೋದ್ರೂ ಪರವಾಗಿಲ್ಲ, ನೋವು ಹೋಗ್ಲಿ." ಕೊನೆಯಲ್ಲಿ ಒಂದು ಹಲ್ಲು ಕಿರಿಯುವ ಮುಖ.

ಹಲ್ಲು ಕೀಳಲು ಕೊಡುವ ಚುಚ್ಚುಮದ್ದಿನಲ್ಲೂ ಆ ಗ್ರಂಥಿಯ ರಸವೇ ಆದ ಅಡ್ರಿನಲಿನ್ ಬೆರೆಸಿರುತ್ತಾರೆ. ಆ ಗಡ್ಡೆ ಇರುವವನಿಗೆ ಅದು ಬೆಂಕಿಗೆ ತುಪ್ಪ. ಅವನಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ನಮ್ಮ ಬೀದಿ ಮೂಲೆಯ ದಂತವೈದ್ಯರ ನಂಬರ್ ಹುಡುಕಿ ಅವರಿಗೇ ಮಾಡಿದೆ. "ಡಾಕ್ಟ್ರೇ, ಅವರಿಗೆ ಇಂಜೆಕ್ಷನ್ ಕೊಡ್ಬೇಡಿ, ದಯವಿಟ್ಟು. ನಾನು ಅವರ ಹೆಂಡತಿ, ನಾನೂ ಡಾಕ್ಟರೇ. ಅವರಿಗೆ ಅಡ್ರಿನಲ್ ಗಡ್ಡೆ ಇದೆ."

ಆ ಕಡೆಯಿಂದ ಹಲ್ಲಿನ ಡಾಕ್ಟರ ದನಿ, ಫೋನಿಗಲ್ಲ, ಕುರ್ಚಿಯ ಕಡೆಗೆ: "ನಿಮಗೆ ಗಡ್ಡೆ ಇದೆಯಂತಲ್ರೀ? ಮೊದಲೇ ಹೇಳ್ಬಾರ್ದಾ?"

ನಾನು ಮನೆಗೆ ಬಂದಾಗ ಅವನು ಊಟದ ಮೇಜಿನ ಹತ್ತಿರ ಕುಳಿತಿದ್ದ. ಎದುರಿಗೆ ಏನೂ ಇರಲಿಲ್ಲ, ತಟ್ಟೆಯೂ ಇಲ್ಲ, ಫೋನೂ ಇಲ್ಲ.

"ಎಷ್ಟು ದಿನದಿಂದ ಗೊತ್ತು?"

"ಅವತ್ತು ಸ್ಕ್ಯಾನ್ ಮಾಡಿದ ದಿನದಿಂದ."

"ಆ ಟೈ ಡಾಕ್ಟರಿಗೂ ಗೊತ್ತಾ?"

"ಯಾರದು ಅಂತ ಹೇಳ್ಲಿಲ್ಲ."

"ಕ್ಯಾನು?"

"ಅದೂ ಇದಕ್ಕೇ."

"ಹಲ್ಲಿನ ಡಾಕ್ಟರಿಗೆ ಗೊತ್ತು. ಹಲ್ಲಿನ ಡಾಕ್ಟರ ನರ್ಸಿಗೆ ಗೊತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿ ನನ್ನ ತಲೆ ಸವರಿ, ದೇವರು ಒಳ್ಳೇದು ಮಾಡ್ಲಿ ಮಗಾ ಅಂದ್ರು." ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ನಾನು ಏನೋ ತಪ್ಪು ಮಾಡಿದೀನಿ, ನಿಂಗೆ ನಾನು ಇಷ್ಟ ಆಗ್ತಾ ಇಲ್ಲ ಅಂತ ಅಂದ್ಕೊಂಡಿದ್ದೆ. ಇಷ್ಟು ದಿನ ಅದನ್ನೇ ಯೋಚ್ನೆ ಮಾಡ್ತಿದ್ದೆ."

"ನಿನ್ನನ್ನು ಹೆದರಿಸಬಾರದು ಅಂತ..." ಎಂದು ಶುರು ಮಾಡಿದೆ. ಅವನು ಎದ್ದುಹೋಗಿ ಬಾಲ್ಕನಿಯಲ್ಲಿ ನಿಂತ.

ಜೂನ್ 17, ಭಾನುವಾರ

ಅವನೇ ಚಹಾ ಮಾಡಿದ, ಎರಡು ಕಪ್. ನನ್ನದನ್ನು ಅಡುಗೆಮನೆಯಲ್ಲೇ ಮುಚ್ಚಿಟ್ಟಿದ್ದ.

ಜೂನ್ 18, ಸೋಮವಾರ

ಗೂಬೆ ಮೇಡಂ ರಜೆ ಮುಗಿಸಿ ಬಂದರು. ಬೆನ್ನಿಗೇ ನಾವಿಬ್ಬರೂ ಅವರ ಎದುರು ನಿಂತೆವು, ನಡುವೆ ಒಂದು ಕುರ್ಚಿಯಷ್ಟು ಜಾಗ ಬಿಟ್ಟು. ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿದರು.

"ಕಥೆ ಬೇಡ. ಚಿತ್ರ ಹಾಕು."

ಹಾಕಿದೆ. ಬಲ್ಬ್ ಬೆಳಗಿತು. ಅವರು ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಹೋಳಿನಿಂದ ಹೋಳಿಗೆ ಹಿಂದೆ ಮುಂದೆ ಓಡಿಸಿದರು.

"ಗಡ್ಡೆ ತೋರಿಸಿದೆ, ಸರಿ. ಅಡ್ರಿನಲ್ ಎಲ್ಲಿದೆ, ತೋರಿಸು."

"ಇದೇ ಅಲ್ವಾ ಮೇಡಂ..."

"ಇದು ಗುಂಡಗಿರೋ ಒಂದು ವಸ್ತು. ನಾನು ಕೇಳಿದ್ದು ಗ್ರಂಥಿ. ಕವೆಗೋಲಿನ ಹಾಗಿರುತ್ತಲ್ಲ, ಎರಡು ಕಾಲಿಂದು. ಅದನ್ನ ಹುಡುಕಿದೆಯಾ?"

ಹುಡುಕಿರಲಿಲ್ಲ. ಅಷ್ಟು ದಿನ ಆ ಚಿತ್ರವನ್ನು ದಿನಕ್ಕೆರಡು ಸಲ ತೆರೆದಿದ್ದೆ, ಉದ್ದ ಅಗಲ ಅಳೆದಿದ್ದೆ, ನೋಡಿ ನೋಡಿ ಅತ್ತಿದ್ದೆ. ಗ್ರಂಥಿಯನ್ನು ಒಮ್ಮೆಯೂ ಹುಡುಕಿರಲಿಲ್ಲ. ಮೇಡಂ ಬೆರಳಿಟ್ಟರು. ಆ ಹೊಳಪಿನ ಪಕ್ಕದಲ್ಲಿ ದಾರದಷ್ಟು ತೆಳ್ಳಗೆ, ಎರಡೂ ಕಾಲು ನೆಟ್ಟಗೆ ಚಾಚಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಅದು ಕುಳಿತಿತ್ತು.

"ಗ್ರಂಥಿ ಬೇರೆ, ಈ ಗುಂಡು ಬೇರೆ" ಅಂದರು. ಆಮೇಲೆ ಮೂತ್ರದ ಫಲ, ಮಾವನ ಸಾವು ಎಲ್ಲ ಬರೆದು ತಂದಿದ್ದ ನನ್ನ ಚೀಟಿಯ ಮೇಲೆ ಕಣ್ಣಾಡಿಸಿ ಅವನ ಕಡೆ ತಿರುಗಿದರು. ಅಲ್ಲಿಯವರೆಗೆ ಯಾರೂ ಅವನ ಕಡೆ ತಿರುಗಿರಲಿಲ್ಲ. "ಏನಪ್ಪಾ, ಅವತ್ತು ಒಳಗೆ ಹೋಗೋ ಮುಂಚೆ ಏನಾದ್ರೂ ಕುಡಿದಿದ್ಯಾ?"

"ಒಂದು ಬಾಟ್ಲಿ ನೀರು ಮೇಡಂ."

"ಮೂತ್ರ ಪರೀಕ್ಷೆ ಹೊತ್ತಲ್ಲಿ ಏನಾದ್ರೂ ಮಾತ್ರೆ?"

"ನೆಗಡಿದು. ಮೂಗು ಬಿಡೋಕೆ ದಿನಕ್ಕೆ ಮೂರು."

"ಅದು ಸಾಕು, ಫಲ ಏರೋಕೆ. ನಿಮ್ಮ ತಂದೆಗೆ ಏನಾಗಿತ್ತು?"

"ಅಪೆಂಡಿಕ್ಸ್ ಒಡೆದು ನಾಲ್ಕು ದಿನ ಆಗಿತ್ತು. ಗ್ಯಾಸ್ ಅಂತ ಸೋಡಾ ಕುಡ್ಕೊಂಡು ಕೂತಿದ್ರು. ಕರ್ಕೊಂಡು ಹೋಗೋ ಹೊತ್ತಿಗೆ ತಡ ಆಗಿತ್ತು."

ಒಂದೊಂದು ಪ್ರಶ್ನೆಗೂ ಒಂದೊಂದು ಸಾಲಿನ ಉತ್ತರ. ನಾನು ಪಕ್ಕದಲ್ಲೇ ನಿಂತಿದ್ದೆ. ಅವನ ಜೊತೆ ಒಂದೇ ಮನೆಯಲ್ಲಿ ಇದ್ದೆ.

ಅವನನ್ನು ಮತ್ತೆ ಯಂತ್ರದೊಳಗೆ ಕಳಿಸಿದರು. ಮೊದಲು ಎರಡು ಲೋಟ ನೀರು ಕುಡಿಸಿ ಅಂಗಾತ ಮಲಗಿಸಿದರು. ಬಲ್ಬ್ ಇನ್ನೂ ದೊಡ್ಡದಾಗಿ ಬೆಳಗಿತು. "ಈಗ ಬೋರಲು ಮಲಗ್ಸಿ" ಎಂದರು ಮೇಡಂ. ಟೆಕ್ನಿಷಿಯನ್ ಅಣ್ಣ ಆ ಉದ್ದನೆಯ ದೇಹವನ್ನು ಮಗುಚಿದ. ಯಂತ್ರ ಟಕಟಕ ಅಂದಿತು.

ಪರದೆಯ ಮೇಲೆ ಬಲ್ಬ್ ಆರಿತ್ತು. ಅದೇ ಜಾಗದಲ್ಲಿ ಕಪ್ಪು ಗುಳ್ಳೆ.

"ಗಾಳಿ" ಅಂದರು ಮೇಡಂ. "ಗಡ್ಡೆಗೆ ಉಸಿರಾಡೋಕೆ ಬರಲ್ಲಮ್ಮಾ. ಇದು ಊಟ, ನೀರು ಹೋಗೋ ಜಠರದ ಹಿಂಭಾಗದಲ್ಲಿ ಉಬ್ಬಿಕೊಂಡಿರೋ ಒಂದು ಚೀಲ. ಜೇಬು ಅಂದ್ಕೋ. ಅಂಗಾತ ಮಲಗಿದ್ರೆ ನೀರು ಇಳಿಯುತ್ತೆ, ಹೊಳೆಯುತ್ತೆ. ಬೋರಲಾದ್ರೆ ಗಾಳಿ ಏರುತ್ತೆ. ಎಷ್ಟೋ ಜನಕ್ಕೆ ಇರುತ್ತೆ, ಸಾಯೋವರೆಗೂ ಗೊತ್ತಾಗಲ್ಲ. ಇದನ್ನ ಗಡ್ಡೆ ಅಂತ ಹೊಟ್ಟೆ ಕೊಯ್ದವರೂ ಇದ್ದಾರೆ."

ಮೇಡಂ ಕನ್ನಡಕ ಇಳಿಸಿ ನನ್ನನ್ನು ನೋಡಿದರು. ಬಯ್ಯುತ್ತಾರೆ ಅಂದುಕೊಂಡೆ.

"ಮನೆಯವರ ಚಿತ್ರ ನಾವು ಓದಬಾರದು ಅಂತಾರಲ್ಲ, ಯಾಕೆ ಗೊತ್ತಾ? ನಿಯಮ ಅಂತಲ್ಲ. ಕಥೆ ಮೊದಲೇ ಬರೆದಿಟ್ಟಿರ್ತೀವಿ. ಚಿತ್ರ ಆಮೇಲೆ ನೋಡ್ತೀವಿ." ಆಮೇಲೆ ನನ್ನ ಭುಜ ತಟ್ಟಿ, "ಮೊಮ್ಮಗಳು ಹುಟ್ಟಿದ್ದಾಳೆ, ಸಿಹಿ ತಂದಿದೀನಿ. ಇಬ್ರೂ ತಿನ್ಕೊಂಡು ಹೋಗಿ" ಅಂದರು.

ಹೊರಗೆ ಕಾರಿಡಾರಿನಲ್ಲಿ ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಏನಿಲ್ಲವಂತೆ, ಬರೀ ಒಂದು ಜೇಬಂತೆ ಅಂದೆ. ಅಳು, ನಗು ಎರಡೂ ಒಟ್ಟಿಗೆ ಬಂದವು. ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿ ಉಸಿರು ಬಿಟ್ಟ. ಅಷ್ಟು ಉದ್ದದ ಉಸಿರನ್ನು ಎರಡು ದಿನದಿಂದ ಒಳಗೆ ಹಿಡಿದುಕೊಂಡಿದ್ದ ಎಂದು ಆಗ ಗೊತ್ತಾಯಿತು. ನಾನು ಅವನ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ. ಹಿಡಿದುಕೊಳ್ಳಲೂ ಇಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟ. ಇಡೀ ದಾರಿ ಹೊರಗೆ ನೋಡುತ್ತಾ ಬಂದೆವು, ನಾನು ಈ ಕಡೆ, ಅವನು ಆ ಕಡೆ. ಇಷ್ಟು ಒಳ್ಳೆಯ ಸುದ್ದಿ ಹೊತ್ತುಕೊಂಡು ಯಾರಾದರೂ ಇಷ್ಟು ಸುಮ್ಮನೆ ಮನೆಗೆ ಬಂದಿರಲಾರರು.

ಜೂನ್ 19, ಮಂಗಳವಾರ

ಬೆಳಿಗ್ಗೆ ಆಫೀಸಿಗೆ ಹೊರಟಿದ್ದ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಶೂ ಹಾಕಿಕೊಳ್ಳುತ್ತಿದ್ದ. ನಾನು ಡಬ್ಬಿ ಹಿಡಿದು ನಿಂತಿದ್ದೆ.

ತಲೆ ಎತ್ತದೆ ಕೇಳಿದ. "ನಿಜವಾಗ್ಲೂ ಗಡ್ಡೆನೇ ಆಗಿದ್ದಿದ್ರೆ, ನಂಗೆ ಯಾವಾಗ ಹೇಳ್ತಿದ್ದೆ?"

ಸಿಟ್ಟಿನಿಂದ ಕೇಳಿದ್ದಲ್ಲ. ಬಸ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವ ಹಾಗೆ ಕೇಳಿದ.

ನನ್ನ ಬಾಯಿಯಲ್ಲಿ ಉತ್ತರಗಳು ಸಾಲಾಗಿ ಬಂದು ನಿಂತವು. ಅವತ್ತೇ ಸಂಜೆ ಹೇಳುತ್ತಿದ್ದೆ. ಸರ್ಜನ್ ದಿನ ಗೊತ್ತುಮಾಡಿದ ಮೇಲೆ ಹೇಳುತ್ತಿದ್ದೆ. ನಿನ್ನ ಒಳ್ಳೆಯದಕ್ಕೇ ಕಣೋ. ಒಂದೊಂದನ್ನೂ ತುಟಿಯವರೆಗೆ ತಂದು ನೋಡಿದೆ. ಯಾವುದೂ ನಿಜವಾಗಿರಲಿಲ್ಲ. ಆಪರೇಷನ್ ಕೋಣೆಯ ಬಾಗಿಲವರೆಗೂ ಅವನನ್ನು ಏನೋ ಒಂದು ನೆಪ ಹೇಳಿ ನಡೆಸಿಕೊಂಡು ಹೋಗುತ್ತಿದ್ದೆನೇನೋ. ಬೇರೆ ಯಾರೋ ಹೇಳಲಿ ಎಂದು ಕಾಯುತ್ತಿದ್ದೆನೇನೋ.

"ಗೊತ್ತಿಲ್ಲ" ಅಂದೆ.

ಅವನು ಈಗ ತಲೆ ಎತ್ತಿದ. ತುಂಬ ಹೊತ್ತು ನೋಡಿದ. ನಾನು ಅವನ ಕತ್ತಿನ ನರ ನೋಡಲಿಲ್ಲ.

ಬಗ್ಗಿ, ಆಗಲೇ ಕಟ್ಟಿದ್ದ ಲೇಸನ್ನು ಬಿಚ್ಚಿದ. ಶೂ ಕಳಚಿ ಪಕ್ಕಕ್ಕಿಟ್ಟ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ನೆಲದ ಮೇಲಿಟ್ಟ.

"ಕೂತ್ಕೋ" ಅಂದ. "ಆ ಸ್ಕ್ಯಾನಿನ ಭಾನುವಾರದಿಂದ ಹೇಳು."